ಕ್ರೋಟನ್ ಗಿಡವೂ ಮನೆಯ ಬೆಳಕೂ

ಕೊಂಡು ತಂದಾಗ ಕೆಂಪು ಹಳದಿಗಳಿಂದ ಶೋಭಿಸುತ್ತಿದ್ದ ಕ್ರೋಟನ್ ಗಿಡವು ಪಡಸಾಲೆಯ ಮೂಲೆಯಲ್ಲಿ ಕೆಲವು ತಿಂಗಳು ನಿಂತ ಮೇಲೆ ಬರಿಯ ಹಸುರಾಗಿ ಹೋಯಿತೆಂಬ ದೂರನ್ನು ನಾವು ಅನೇಕ ಮನೆಗಳಲ್ಲಿ ಕೇಳಿದ್ದೇವೆ. ಕೆಲವರು ಗೊಬ್ಬರವನ್ನು ಇಮ್ಮಡಿಸುವರು. ಕೆಲವರು ಗಿಡ ಮಾರಿದವನನ್ನು ಹಳಿಯುವರು. ಗಿಡಕ್ಕೆ ಬೇಕಾದುದು ಬಿಸಿಲು.

ಇದರ ತವರು ಮಲುಕು, ನ್ಯೂಗಿನಿ ಮೊದಲಾದ ಉಷ್ಣವಲಯದ ದ್ವೀಪಗಳು. 1753ರಲ್ಲಿ ಲಿನೇಯಸ್ ಪಂಡಿತನು ಇದನ್ನು ಕ್ರೋಟನ್ ಕುಲಕ್ಕೆ ಸೇರಿಸಿದನು. ತರುವಾಯ ಶಾಸ್ತ್ರಜ್ಞರು ಬೇರೆ ಕುಲಕ್ಕೆ ವರ್ಗಾಯಿಸಿದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. ನಿಜವಾದ ಕ್ರೋಟನ್ ನಮ್ಮ ವೈದ್ಯರು ವಿರೇಚನಕ್ಕೆ ಬಳಸುವ ಜಾಪಾಳ, ಸಂಸ್ಕೃತದ ಜಯಪಾಲ. ಗ್ರೀಕರ ಭಾಷೆಯಲ್ಲಿ ಆ ಪದಕ್ಕೆ ದನದ ಮೈಗೆ ಹತ್ತುವ ಉಣ್ಣೆಹುಳುವೆಂದರ್ಥ. ಬೀಜದ ಆಕಾರವೇ ಕಾರಣ. ಇಷ್ಟು ಸುಂದರವಾದ ಗಿಡಕ್ಕೆ ಎಂಥ ಹೆಸರು!

ಎಲೆಯ ಹಸುರು ಗಿಡಕ್ಕೆ ಅನ್ನ ಬೇಯಿಸುವ ಒಲೆಯಿದ್ದಂತೆ. ಕೆಂಪು ಬಣ್ಣವು ಬಲವಾದ ಬೆಳಕಿನಲ್ಲಿಯೇ ಹೆಚ್ಚಾಗಿ ಹುಟ್ಟುವುದು. ಬೆಳಕು ಕಡಮೆಯಾದರೆ ಗಿಡವು ಅಲಂಕಾರವನ್ನು ಬಿಟ್ಟು ಹೊಸ ಎಲೆಗಳಲ್ಲಿ ಹಸುರನ್ನೇ ಬೆಳೆಸಿಕೊಳ್ಳುವುದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿವ ಮನುಷ್ಯನಿಗಿಂತ ಇದು ವಿವೇಕಿ. ಹಳದಿ ಚುಕ್ಕೆಯ ಕೆಲವು ಜಾತಿಗಳು ಮಾತ್ರ ಅರೆನೆರಳನ್ನು ಸ್ವಲ್ಪ ಸಹಿಸುವುವು. ಮೂಲೆಯಲ್ಲಿಯೂ ಬೆಳಕು ಸಾಕಷ್ಟಿದೆಯಲ್ಲಾ ಎನ್ನುವವರುಂಟು. ನಮ್ಮ ಕಣ್ಣಿನ ಪಾಪೆಯು ಮಬ್ಬಿನಲ್ಲಿ ಹಿಗ್ಗಿ ಹಾಗೆ ತೋರಿಸುವುದು. ಎಲೆಗೆ ಅಂತಹ ಉಪಾಯವಿಲ್ಲ.

ಮುಂಜಾನೆಯಿಂದ ನಾಲ್ಕೈದು ಗಂಟೆ ಬಿಸಿಲು ಬೀಳುವ ಮೂಡಣ ಜಗಲಿಯು ಉತ್ತಮ. ಆದರೆ ಸೂರ್ಯನ ಮಾರ್ಗವು ವರ್ಷವಿಡೀ ಒಂದೇ ಅಲ್ಲ. 13 ಡಿಗ್ರಿ ಉತ್ತರ ಅಕ್ಷಾಂಶದ ಸಮೀಪದಲ್ಲಿರುವ ಬೆಂಗಳೂರಿನಲ್ಲಿ ಅವನು ಏಪ್ರಿಲ್ ಕೊನೆಯ ಭಾಗದಲ್ಲಿ ಒಮ್ಮೆ, ಆಗಸ್ಟ್ ನಡುವಿನ ಬಳಿಕ ಒಮ್ಮೆ ನಡುನೆತ್ತಿಗೆ ಬರುವನು. ನಡುವಣ ತಿಂಗಳುಗಳ ಮಧ್ಯಾಹ್ನದಲ್ಲಿ ತುಸು ಉತ್ತರಕ್ಕಿರುವನು. ಡಿಸೆಂಬರಿನಲ್ಲಿ ನೆತ್ತಿಯಿಂದ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ಸರಿಯುವನು. ಆದುದರಿಂದ ಜ್ಯೇಷ್ಠದಲ್ಲಿ ಉತ್ತರದ ಜಗಲಿಯಲ್ಲಿ ಸುಖವಾಗಿದ್ದ ಕುಂಡವು ಮಾರ್ಗಶಿರದ ಹೊತ್ತಿಗೆ ಬಿಸಿಲನ್ನೇ ಕಾಣದು. ಅದನ್ನು ಕಾರ್ತಿಕದಲ್ಲಿಯೇ ದಕ್ಷಿಣದ ಪಕ್ಕಕ್ಕೆ ಸಾಗಿಸತಕ್ಕದ್ದು. ನೆರೆಯವರು ಹೊಸದಾಗಿ ಮಹಡಿಯೇರಿಸಿದ್ದರೆ ಈ ಲೆಕ್ಕವನ್ನು ಮತ್ತೆ ಹಾಕಬೇಕಾದೀತು.

ಸಾಗಿಸುವಾಗ ಆತುರ ಕೂಡದು. ನೆರಳಿನಲ್ಲಿ ಬೆಳೆದ ಎಲೆಯನ್ನು ಒಮ್ಮೆಲೇ ಉರಿಬಿಸಿಲಿಗೊಡ್ಡಿದರೆ ಸುಟ್ಟು ಬೆಳ್ಳಗಾಗುವುದು. ಮೊದಲು ಮುಂಜಾನೆ ಒಂದು ಗಂಟೆ, ಬಳಿಕ ಎರಡು, ಹೀಗೆ ಎರಡು ವಾರ ಅಭ್ಯಾಸ ಮಾಡಿಸಬೇಕು. ಹಸುರಾದ ಹಳೆಯ ಎಲೆಗಳು ಮುನ್ನಿನಂತಾಗುವುವೆಂದು ಕಾಯಬೇಡಿರಿ. ತುದಿಯ ಚಿಗುರನ್ನು ನೋಡಿರಿ.

ಸ್ಥಳ ಬದಲಿಸಿದ ಮೇಲೆ ಎಲೆಗಳೆಲ್ಲ ಉದುರಿ ಬರಿಯ ಕಡ್ಡಿ ಉಳಿದುದನ್ನು ಕಂಡು ಸತ್ತಿತೆಂದು ತಿಪ್ಪೆಗೆಸೆಯುವವರುಂಟು. ಎಸೆಯುವ ಮುನ್ನ ಉಗುರಿನಿಂದ ತೊಗಟೆಯನ್ನು ತುಸು ಕೆರೆದು ನೋಡಿರಿ. ಒಳಗೆ ಹಸುರು ತೇವ ಕಂಡರೆ ಜೀವವಿದೆ. ಮಣ್ಣನ್ನು ಹದವಾಗಿಟ್ಟು ಕೆಲವು ವಾರ ತಾಳಿರಿ. ಕೆರೆದಾಗ ಒಸರುವ ಸೊನೆಯು ಚರ್ಮವನ್ನು ಕೆರಳಿಸುವುದರಿಂದ ಒಡನೆ ಕೈ ತೊಳೆಯಿರಿ. ಮಕ್ಕಳು ಆ ಕೈಯಿಂದ ಕಣ್ಣುಜ್ಜಿಕೊಳ್ಳದಂತೆ ನೋಡಿಕೊಳ್ಳಿರಿ.