ಬಾಡಿಗೆದಾರನ ಅನಾಮತ್ತು ಮತ್ತು ಶ್ರಾವಕನ ಅಣುವ್ರತ

ನಮ್ಮ ಸಮಾಜದ ಅನೇಕರ ಮನೆಗಳ ಮುಂದೆ ‘ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕವನ್ನು ಕಾಣುತ್ತೇವೆ. ಮನೆ ಕೇಳಲು ಬಂದವರ ಒಲೆಯ ಮೇಲೆ ಏನು ಬೇಯುತ್ತದೆಂಬುದನ್ನು ನಾವು ಕೂಲಂಕಷವಾಗಿ ವಿಚಾರಿಸುತ್ತೇವೆ. ಕೆಲವೆಡೆ ಆ ನೆಪದಲ್ಲಿ ವಿಚಾರಣೆಯು ಅವರ ಜಾತಿಯವರೆಗೂ ಹೋಗುತ್ತದೆ. ಅಲ್ಲಿಗೆ ನಮ್ಮ ಅಹಿಂಸಾಧರ್ಮದ ಪಾಲನೆ ಮುಗಿಯಿತೆಂದು ತೃಪ್ತರಾಗುತ್ತೇವೆ. ಆದರೆ ಅದೇ ಬಾಡಿಗೆದಾರನು ಮನೆ ಬಿಡುವ ದಿನ ಅವನ ಅನಾಮತ್ತನ್ನು ಪೂರ್ಣವಾಗಿ ಹಿಂದಿರುಗಿಸಿದೆವೇ ಎಂದು ನಮ್ಮನ್ನು ಕೇಳುವವರು ಯಾರು? ಅವನ ಒಲೆಯನ್ನು ಪರೀಕ್ಷಿಸುವ ನಾವು ನಮ್ಮ ಖಾತೆಪುಸ್ತಕವನ್ನು ಪರೀಕ್ಷಿಸಿಕೊಳ್ಳುವುದಿಲ್ಲ. ನನ್ನ ತಕರಾರು ಇಷ್ಟೇ.

ಲಕ್ಕುಂಡಿಯ ಬ್ರಹ್ಮ ಜಿನಾಲಯದ ಮುಂದೆ ನಿಂತಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿಯನ್ನು 1007ರ ಶಾಸನ ಇಲ್ಲಿ ಇಂದಿಗೂ ಸಾರುತ್ತಿದೆ. ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಬರೆಯಿಸಿ ಹಂಚಿದ ಆ ಮಹಾತಾಯಿ ಕೊಟ್ಟದ್ದು ತನ್ನದನ್ನು. ನಾವಾದರೋ ದೇಣಿಗೆಯ ಫಲಕದಲ್ಲಿ ಹೆಸರು ಕೆತ್ತಿಸುವ ಮುನ್ನ, ಆ ಹಣದಲ್ಲಿ ನಮ್ಮದೆಷ್ಟು, ಅನ್ಯರದೆಷ್ಟು ಎಂದು ಲೆಕ್ಕ ಹಾಕುವುದಿಲ್ಲ. ‘ಬಸದಿ’ ಎಂಬ ಮಾತೇ ‘ವಸತಿ’ಯಿಂದ ಬಂದುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣಗಳೊಡನೆ ಆವಾಸವನ್ನೂ ದಾನವೆಂದು ಎಣಿಸಿದ್ದಾರೆ. ಬಾಡಿಗೆಗೆ ಕೊಟ್ಟ ಮನೆ ದಾನವಲ್ಲ, ವ್ಯವಹಾರ ಎಂಬುದನ್ನು ಒಪ್ಪುತ್ತೇನೆ. ಆದರೆ ವ್ಯವಹಾರವು ಅಶುದ್ಧವಾಗಿದ್ದರೆ ಅದರಿಂದ ಹುಟ್ಟಿದ ದಾನವು ಶುದ್ಧವಾಗುವುದೆಂತು?

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಣುವ್ರತಗಳ ಅತಿಚಾರಗಳನ್ನು ಹೇಳುವಾಗ ‘ನ್ಯಾಸಾಪಹಾರ’ ಎಂಬುದೊಂದನ್ನು ಹೆಸರಿಸುತ್ತದೆ. ನಂಬಿ ಇಟ್ಟ ಹಣವನ್ನು ನುಂಗುವುದು ಎಂದು ಅದರ ಅರ್ಥ. ಪೂಜ್ಯಪಾದರ ವ್ಯಾಖ್ಯಾನ ಇನ್ನೂ ಸೂಕ್ಷ್ಮವಾದುದು: ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದುಬಿಡುವುದೂ ನ್ಯಾಸಾಪಹಾರವೇ. ಗಮನಿಸಬೇಕಾದ ಸಂಗತಿಯೆಂದರೆ, ಈ ದೋಷವನ್ನು ಅಚೌರ್ಯವ್ರತದ ಕೆಳಗಲ್ಲ, ಸತ್ಯವ್ರತದ ಕೆಳಗೆ ಇರಿಸಲಾಗಿದೆ. ಏಕೆಂದರೆ ಇಲ್ಲಿ ಕಳವು ಕೈಯಿಂದ ಆಗುವುದಿಲ್ಲ, ಮಾತಿನಿಂದ ಆಗುತ್ತದೆ. ‘ಗೋಡೆ ಹೊಲಸಾಗಿದೆ’, ‘ಸುಣ್ಣ-ಬಣ್ಣಕ್ಕೆ ಇಷ್ಟಾಯಿತು’ ಎಂಬ ಮಾತುಗಳು ನಮಗೆ ಹೊಸವೇ? ವಾಣಿಜ್ಯಶಾಸ್ತ್ರ ಓದಿದ ಹುಡುಗನೂ ಬಲ್ಲ, ಬಾಡಿಗೆಯು ಆದಾಯ, ಅನಾಮತ್ತು ಹೊಣೆಗಾರಿಕೆ. ವಾಸದಿಂದಾಗುವ ಸಹಜ ಸವೆತಕ್ಕೆ ಬೆಲೆಯನ್ನು ಬಾಡಿಗೆಯಲ್ಲಿಯೇ ಪಡೆದಿರುತ್ತೇವೆ. ಅದನ್ನೇ ಅನಾಮತ್ತಿನಿಂದ ಮತ್ತೆ ಮುರಿದುಕೊಳ್ಳುವುದು ಒಂದೇ ಸರಕಿಗೆ ಎರಡು ಸಲ ಹಣ ಎಣಿಸಿಕೊಂಡಂತೆ.

ಇದನ್ನು ನಾನು ಅನ್ಯರ ಮೇಲೆ ಹೊರಿಸಿ ಬರೆಯುತ್ತಿಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ ಬೆಟಗೇರಿಯ ನನ್ನ ಮನೆಯೊಂದರಲ್ಲಿ ಏಳು ವರ್ಷವಿದ್ದ ನೇಕಾರ ಕುಟುಂಬವೊಂದು ಮನೆ ಬಿಟ್ಟಿತು. ಅವರ ಅನಾಮತ್ತು 10,000 ರೂಪಾಯಿ. ಬಣ್ಣದ ಖರ್ಚೆಂದು ಅದರಲ್ಲಿ 4,000 ಮುರಿದುಕೊಂಡೆ. ಆ ಏಳು ವರ್ಷಗಳಲ್ಲಿ ಒಮ್ಮೆಯೂ ನಾನು ಬಣ್ಣ ಮಾಡಿಸಿರಲಿಲ್ಲ. ಆತ ಜಗಳವಾಡಲಿಲ್ಲ. ‘ಸಾವಕಾರ್ರ, ಲೆಕ್ಕ ನೀವು ಮಾಡೀರಿ ಅಂದ್ರ ಖರೇನ ಇರತೈತಿ’ ಎಂದು ಹೇಳಿ ಹೋದ. ಅದೇ ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಅಭಿಷೇಕಕ್ಕೆ 5,000 ರೂಪಾಯಿ ಬರೆಯಿಸಿದೆ. ಪಾವತಿ ಕೈಗೆ ಬಂದಾಗ ಹೊಳೆಯಿತು, ಇದರಲ್ಲಿ ನಾಲ್ಕು ಸಾವಿರ ಆ ನೇಕಾರನದು. ಮರುವಾರ ಹಣ ಒಯ್ದು ಕೊಟ್ಟೆ. ಆತ ಎಣಿಸದೆ ತೆಗೆದುಕೊಂಡ. ಕೂಡ್ರಿರೆಂದು ಮಾತ್ರ ಹೇಳಲಿಲ್ಲ.

ಅನಾಮತ್ತಿನ ಮಾತು ಹೀಗಾದರೆ, ನೀರು ಮತ್ತು ವಿದ್ಯುತ್ತಿನ ಮಾತು ಇನ್ನೂ ಕಠಿಣ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ‘ಅತಿಭಾರಾರೋಪಣ’ವೂ ‘ಅನ್ನಪಾನನಿರೋಧ’ವೂ ಸೇರಿವೆ. ಇವನ್ನು ಎತ್ತು-ಕುದುರೆಗಳ ಸಂಬಂಧದಲ್ಲಿ ಓದಿ ಮುಂದೆ ಹೋಗುತ್ತೇವೆ. ಬಾಡಿಗೆ ತಡವಾಯಿತೆಂದು ಕೊಳವೆಬಾವಿಯ ನೀರು ನಿಲ್ಲಿಸುವುದು ಅನ್ನಪಾನನಿರೋಧವಲ್ಲದೆ ಮತ್ತೇನು? ನೂರೊಂದು ಬಾವಿಗಳ ಊರೆಂದು ಹೆಸರಾದ ಲಕ್ಕುಂಡಿಯ ಸೀಮೆಯಲ್ಲಿ, ಬೇಸಿಗೆಯಲ್ಲಿ ನಲ್ಲಿನೀರಿಗೆ ದಿನಗಟ್ಟಲೆ ಕಾದು ಬಲ್ಲವರು ನಾವು. ನೀರನ್ನು ಆಯುಧವಾಗಿ ಬಳಸುವ ಅಧಿಕಾರ ಯಾವ ಸಾಲಗಾರನ ಮೇಲೂ ನಮಗಿಲ್ಲ.

ವಿದ್ಯುತ್ತಿನ ಲೆಕ್ಕದಲ್ಲಿ ಅಳತೆಯ ಪ್ರಾಮಾಣಿಕತೆ ಬೇಕು. ಒಂದು ಕಾಲಕ್ಕೆ ಲೊಕ್ಕಿಗುಂಡಿಯ ಗದ್ಯಾಣ ದೂರದ ಪೇಟೆಗಳಲ್ಲಿ ನಡೆಯುತ್ತಿದ್ದುದು ಅದರ ತೂಕದ ಮೇಲಿನ ನಂಬಿಕೆಯಿಂದ. ತೂಕ-ಅಳತೆಗಳ ಮೋಸವನ್ನೂ ನಮ್ಮ ಶಾಸ್ತ್ರ ಅತಿಚಾರವೆಂದೇ ಹೇಳಿದೆ. ನಾಲ್ಕು ಮನೆಗಳಿಗೆ ಒಂದೇ ಮೀಟರು ಇರಿಸಿ, ಮನಸ್ಸಿಗೆ ಬಂದ ದರದಲ್ಲಿ ವಸೂಲು ಮಾಡುವುದು ಆ ಮೋಸದ ಇಂದಿನ ರೂಪ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಬಿಲ್ಲು ಶೂನ್ಯ ಬಂದ ತಿಂಗಳಲ್ಲಿಯೂ ಬಾಡಿಗೆದಾರನಿಂದ ಕರೆಂಟಿನ ಹಣ ಪಡೆಯುವವನು ಬಡವನಿಗೆ ಬಂದ ಸವಲತ್ತನ್ನು ಬಾಗಿಲಲ್ಲೇ ಕಸಿದುಕೊಂಡಂತೆ.

‘ಬಾಡಿಗೆದಾರರೆಲ್ಲ ಸಾಧುಗಳೇ? ಮನೆ ಬಿಡದೆ ಕೋರ್ಟಿಗೆ ಎಳೆಯುವವರಿಲ್ಲವೇ?’ ಎಂದು ಕೆಲವರು ಕೇಳುವರು. ಇದ್ದಾರೆ, ನಾನೂ ಕಂಡಿದ್ದೇನೆ. ಆದರೆ ಒಬ್ಬನ ಅಪರಾಧಕ್ಕೆ ಮತ್ತೊಬ್ಬನ ಅನಾಮತ್ತು ದಂಡವಾಗಲಾಗದು. ಕೆಟ್ಟವನ ಭಯಕ್ಕೆ ಮದ್ದು ಬರವಣಿಗೆ. ನೋಂದಣಿ ತಪ್ಪಿಸಲು ಹನ್ನೊಂದು ತಿಂಗಳ ಪತ್ರ ಬರೆಯಿಸುವ ನಾವು, ಮನೆ ಕೊಡುವ ದಿನ ಗೋಡೆ, ಬಾಗಿಲು, ನಲ್ಲಿಗಳ ಸ್ಥಿತಿಯನ್ನು ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕುವುದಿಲ್ಲ. ಆ ಪಟ್ಟಿ ಇದ್ದರೆ ನಿಜವಾದ ಹಾನಿಗೆ ಹಣ ಮುರಿಯಲು ಯಾರ ಅಡ್ಡಿಯೂ ಇಲ್ಲ. ಪ್ರತಿ ತಿಂಗಳು ಪಾವತಿ ಕೊಡಿರಿ. ಬಾಡಿಗೆ ಏರಿಸುವುದಿದ್ದರೆ ತಿಂಗಳುಗಳ ಮುಂಚೆ ತಿಳಿಸಿರಿ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅನಾಮತ್ತು ಬೇಡವೆನ್ನುತ್ತದೆ. ಮನೆ ಮರಳಿ ವಶಕ್ಕೆ ಬಂದ ದಿನವೇ ಅದನ್ನು ಹಿಂದಿರುಗಿಸಬೇಕೆಂದೂ ಹೇಳುತ್ತದೆ. ರಾಜ್ಯಗಳು ಒಪ್ಪಿಕೊಂಡರಷ್ಟೇ ಅದು ಕಾನೂನು. ಆದರೆ ವ್ರತ ತೊಟ್ಟವನು ಶಾಸನಸಭೆಯ ದಾರಿ ಕಾಯಬೇಕಾಗಿಲ್ಲ.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಒಂದು ಮಾತು ಹೇಳಬೇಕಾಗಿದೆ. ಧರ್ಮಸಂಸ್ಥೆಯ ಹಳೆಯ ಮನೆಗಳಲ್ಲಿ ಅಲ್ಪ ಬಾಡಿಗೆಗೆ ದಶಕಗಳಿಂದ ಇರುವವರಿದ್ದಾರೆ. ಬಾಡಿಗೆ ಕಡಿಮೆಯೆಂಬ ಕಾರಣದಿಂದ ಮೇಲ್ಮುದ್ದೆಗೆ ಮಣ್ಣು ಹಾಕಿಸದೆ, ಸೋರುವ ಮಾಳಿಗೆ ತಾನೇ ಅವರನ್ನು ಹೊರದೂಡಲಿ ಎಂದು ಕಾಯುವ ಮಂಡಳಿಗಳುಂಟು. ಕೀಟ ಸತ್ತೀತೆಂದು ನೀರನ್ನು ಸೋಸಿ ಕುಡಿಯುವ ನಾವು, ಗೋಡೆ ಕುಸಿದು ಮಗುವಿನ ಮೇಲೆ ಬೀಳಬಹುದೆಂದು ಯೋಚಿಸಬಾರದೇ? ನ್ಯಾಯವಾದ ಬಾಡಿಗೆಯನ್ನು ಬಾಯಿಬಿಟ್ಟು ಕೇಳುವುದು ಪಾಪವಲ್ಲ. ಮನೆಯನ್ನು ದುರಸ್ತಿ ಮಾಡಿಸಿ ಕೇಳಿರಿ. ಮನೆ ಬೇಕೇ ಬೇಕೆಂದರೆ ಅವಧಿ ಕೊಟ್ಟು ಕೇಳಿರಿ. ಮಳೆಗೆ ಆ ಕೆಲಸ ಒಪ್ಪಿಸಬೇಡಿರಿ.

ಕ್ಷಮಾವಣಿಯ ದಿನ ಬಂಧುಗಳ ಮನೆಗೆ ಹೋಗಿ ಕೈಮುಗಿಯುತ್ತೇವೆ. ಅವರಲ್ಲಿ ಬಹುಮಂದಿಗೆ ನಾವು ಅಪರಾಧವನ್ನೇ ಮಾಡಿರುವುದಿಲ್ಲ. ಹಿತ್ತಲಿನ ಬಾಡಿಗೆಮನೆಯ ಬಾಗಿಲಿಗೆ ಎಷ್ಟು ಜನ ಹೋಗಿದ್ದೇವೆ? ಬರುವ ದೀಪಾವಳಿಯಲ್ಲಿ, ಮಹಾವೀರ ಸ್ವಾಮಿಯ ನಿರ್ವಾಣದ ದಿನ ಹೊಸ ಖಾತೆ ತೆರೆಯುವಾಗ, ಮೊದಲ ಪುಟದಲ್ಲಿ ಪ್ರತಿಯೊಬ್ಬ ಬಾಡಿಗೆದಾರನ ಹೆಸರಿನ ಮುಂದೆ ಅವನ ಅನಾಮತ್ತಿನ ಮೊತ್ತವನ್ನು ಬರೆಯೋಣ. ಅದನ್ನು ಕೊಡಬೇಕಾದ ಬದಿಯಲ್ಲಿ ಬರೆಯೋಣ. ಹಿಂದೆ ಅನ್ಯಾಯವಾಗಿ ಮುರಿದುಕೊಂಡದ್ದಿದ್ದರೆ ಆ ವಿಳಾಸ ಹುಡುಕೋಣ. ಬಸದಿಗೆ ಕೊಡುವುದು ಅದರ ನಂತರದ ಲೆಕ್ಕ.