ಫ್ಯಾಕ್ಸ್ ಇಲ್ಲದಿದ್ದರೂ ಅಪಾಯ: ಅಂಗಡಿ ಕಂಪ್ಯೂಟರ್ ಅಪ್‌ಡೇಟ್ ಆಗಿದೆಯಾ?

ರಾಮನಗರ: ಬಿಲ್ಲಿಂಗ್, ಜಿಎಸ್‌ಟಿ ಕೆಲಸಕ್ಕೆ ವಿಂಡೋಸ್ 10 ಕಂಪ್ಯೂಟರ್ ಇಟ್ಟುಕೊಂಡಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಅಂಗಡಿಯವರು ಒಂದು ಹಳೇ ಫೈಲ್ ಬಗ್ಗೆ ತಿಳಿದುಕೊಳ್ಳಬೇಕಿದೆ.

ಅದು ಅಗೆರೆ ಫ್ಯಾಕ್ಸ್ ಮೋಡೆಮ್‌ನ ಡ್ರೈವರ್. ಫ್ಯಾಕ್ಸ್ ಕಳಿಸುವವರು ಈಗ ಅಪರೂಪ. ಆದರೂ ಈ ಫೈಲ್ ವಿಂಡೋಸ್ ಜೊತೆಗೇ ಬರುತ್ತಿತ್ತು.

ಪ್ರಿಂಟರ್, ಮೋಡೆಮ್‌ನಂಥ ಸಾಧನವನ್ನು ಕಂಪ್ಯೂಟರ್ ನಡೆಸಲು ಬೇಕಾದ ಸಾಫ್ಟ್‌ವೇರೇ ಡ್ರೈವರ್. ಈ ಡ್ರೈವರ್ ಕೆಲಸ ಮಾಡೋದು ಕರ್ನಲ್‌ನಲ್ಲಿ, ಅಂದರೆ ಇಡೀ ಸಿಸ್ಟಂ ಮೇಲೆ ಹಿಡಿತವಿರುವ ಒಳಭಾಗದಲ್ಲಿ. ಅದರಲ್ಲಿ ಲೋಪವಿದ್ದ ಕಾರಣ, ಕ್ರ್ಯಾಕ್ ಸಾಫ್ಟ್‌ವೇರ್ ಅಥವಾ ಪೆನ್‌ಡ್ರೈವ್‌ನಿಂದ ಒಳಬಂದ ವೈರಸ್ ಅಡ್ಮಿನಿಸ್ಟ್ರೇಟರ್ ಅಧಿಕಾರವನ್ನೇ ಪಡೆಯಬಹುದು. ಆಮೇಲೆ ಆಂಟಿವೈರಸ್ ಆಫ್ ಮಾಡಬಹುದು, ಲೆಕ್ಕದ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಬಹುದು. ಮೋಡೆಮ್ ಬಳಸದಿದ್ದರೂ ಅಪಾಯ ತಪ್ಪಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ದಾಳಿಕೋರರು ಈ ಲೋಪವನ್ನು ಬಳಸಿಯೂ ಆಗಿತ್ತು.

2025ರ ಅಕ್ಟೋಬರ್ 14ರ ಅಪ್‌ಡೇಟ್‌ನಲ್ಲಿ ಕಂಪನಿ ಈ ಡ್ರೈವರನ್ನು ರಿಪೇರಿ ಮಾಡಲಿಲ್ಲ, ಕಿತ್ತೇ ಹಾಕಿತು. ಅದೇ ದಿನ ವಿಂಡೋಸ್ 10ರ ಮಾಮೂಲಿ ಬೆಂಬಲವೂ ಮುಗಿಯಿತು. ಸಿಸ್ಟಂ ಸ್ಲೋ ಆಗುತ್ತೆ ಅಂತ ಅದಕ್ಕೂ ಮೊದಲೇ ಅಪ್‌ಡೇಟ್ ನಿಲ್ಲಿಸಿದ ಕಂಪ್ಯೂಟರ್‌ಗಳಲ್ಲಿ ಮಾತ್ರ ಈ ಬಾಗಿಲು ಇನ್ನೂ ತೆರೆದೇ ಇದೆ.

ಮಾಡಬೇಕಾದ್ದು ಇಷ್ಟು. ಮೊದಲು ಲೆಕ್ಕದ ಫೈಲ್‌ಗಳನ್ನು ಬೇರೆ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ ತೆಗೆದಿಡಿ. ಸೆಟ್ಟಿಂಗ್ಸ್‌ನಲ್ಲಿ ಬಾಕಿ ಇರುವ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡಿ. ಆಮೇಲೆ ಸಿಸ್ಟಂ32 ಒಳಗಿನ ಡ್ರೈವರ್ಸ್ ಫೋಲ್ಡರ್‌ನಲ್ಲಿ ‘ಎಲ್‌ಟಿಎಂಡಿಎಂ64’ ಫೈಲ್ ಇರಬಾರದು. ಇದೇ ಡ್ರೈವರ್ ನಂಬಿದ ಫ್ಯಾಕ್ಸ್ ಮೋಡೆಮ್ ಇದ್ದರೆ ಅದು ಮುಂದೆ ನಡೆಯಲ್ಲ. ವಿಂಡೋಸ್ 11 ಹಿಡಿಯುವ ಕಂಪ್ಯೂಟರ್ ಇದ್ದವರು ಅದಕ್ಕೆ ಬದಲಾಗೋದೇ ಒಳ್ಳೇದು. ಮುಂದಿನ ಲೋಪಕ್ಕೆ ಹಳೇ ಸಿಸ್ಟಂನಲ್ಲಿ ಮದ್ದು ತಾನಾಗಿ ಬರಲ್ಲ.