ಕೆರಿ ತುಂಬೇತಿ, ಆದ್ರ ನೀರೆಷ್ಟು?

ಮಳೆಗಾಲ ಮುಗಿದ ಮೇಲೆ ಅನಂತಪುರಕ್ಕೆ ಫೋನ್ ಮಾಡಿದರೆ ನನ್ನ ಮೊದಲ ಪ್ರಶ್ನೆ ಒಂದೇ: ‘ಕಾಕಾ, ಕೆರಿ ತುಂಬೇತೇನ್ರಿ?’

ಈ ಸಲ ಕಾಕಾ ನಕ್ಕರು. ‘ತುಂಬೇತಿ ತಮ್ಮಾ. ಆದ್ರ ಹಗೇವಿನ ಬಾಯಿ ನೋಡಿ ಒಳಗ ಜ್ವಾಳ ಎಷ್ಟೈತಿ ಅಂತ ಹೇಳಾಕ ಬರ್ತೈತೇನು?’

ಮಾತು ಖರೆ. ಹೊಸಪೇಟೆಯ ತುಂಗಭದ್ರಾ ಜಲಾಶಯವನ್ನೇ ನೋಡಿ. 1953ರಲ್ಲಿ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗಿನ ಲೆಕ್ಕ ಸುಮಾರು 105. ಪೂರ್ಣ ಮಟ್ಟ ಮಾತ್ರ ಅದೇ 1,633 ಅಡಿ! ನಡುವಿನ ಜಾಗ ಹೂಳು ನುಂಗಿದೆ.

ಇದು ಗೊತ್ತಾಗಿದ್ದು ತಳ ಅಳೆದಿದ್ದರಿಂದ. ದೋಣಿಗೆ ಎಕೋ ಸೌಂಡರ್, ಜಿಪಿಎಸ್ ಕಟ್ಟಿ, ಹೊಲ ಹರಗಿದಂತೆ ಸಾಲು ಸಾಲಾಗಿ ಓಡಿಸುತ್ತಾರೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. ತಳಕ್ಕೆ ಬಡಿದು 0.02 ಸೆಕೆಂಡಿನಲ್ಲಿ ಮರಳಿದರೆ ಅಲ್ಲಿ ಆಳ 15 ಮೀಟರ್. ಇಂಥ ಸಾವಿರಾರು ಚುಕ್ಕೆ ಸೇರಿದರೆ ತಳದ ನಕ್ಷೆ ರೆಡಿ. ಯಾವ ಮಟ್ಟಕ್ಕೆ ಎಷ್ಟು ನೀರು ಅನ್ನೋ ಪಟ್ಟಿಯೂ ರೆಡಿ.

ಪಟ್ಟಿ ಹಳೇದಾದರೆ? ಕಾಗದದ ಮೇಲೆ ಇರುವ ನೀರನ್ನು ನಂಬಿ ಕಾಲುವೆ ಕೊನೆಯ ರೈತ ಎರಡನೇ ಬೆಳೆ ಹಾಕುತ್ತಾನೆ. ಕಾಳು ಕಟ್ಟುವ ಹೊತ್ತಿಗೆ ಕಾಲುವೆ ಒಣಗಿರುತ್ತದೆ.

ಸಣ್ಣ ಕೆರೆಗೆ ದೊಡ್ಡ ಯಂತ್ರ ಇಲ್ಲದಿದ್ದರೂ ನಡೆದೀತು. ಒಂದು ದೋಣಿ, ಗುರುತು ಹಾಕಿದ ಹಗ್ಗ, ತುದಿಗೊಂದು ಕಲ್ಲು, ಜಾಗ ಬರೆದುಕೊಳ್ಳಲು ನಿಮ್ಮ ಕೈಯಲ್ಲಿರುವ ಮೊಬೈಲ್ ಇದ್ದರೆ ಅಂದಾಜು ಸಿಗುತ್ತದೆ.

ತುಂಬಿದ ಕೆರೆ ಫೋಟೊ ಸ್ಟೇಟಸ್‌ಗೆ ಹಾಕ್ರಿ, ಬ್ಯಾಡ ಅನ್ನಲ್ಲ. ಹಾಗೇ ಗ್ರಾಮಸಭೆಯಲ್ಲಿ ಒಂದು ಮಾತು ಕೇಳ್ರಿ: ‘ಇದರ ತಳ ಅಳೆದದ್ದು ಯಾವಾಗ?’